ಲೈಕಾ ಎಂ3 ಮೇಲೆ ಜುಪಿಟರ್-8: ದೂರದ್ದು ಸರಿ, ಒಂದು ಮೀಟರಿನಲ್ಲಿ ಫೋಕಸ್ ತಪ್ಪುತ್ತಿದೆ

ಪ್ರಶ್ನೆ:

ಸೋದರಮಾವನವರ ಲೈಕಾ ಎಂ3 ಫಿಲ್ಮ್ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಅದರದೇ ಲೆನ್ಸಿನ ಬೆಲೆ ನನಗೆ ನಿಲುಕುವಂಥದ್ದಲ್ಲವಾದ್ದರಿಂದ, ಸೋವಿಯತ್ ಕಾಲದ ಜುಪಿಟರ್-8 (50 ಮಿ.ಮೀ., ಎಫ್/2) ಲೆನ್ಸನ್ನು ಅಡಾಪ್ಟರ್ ಮೂಲಕ ಬಳಸುತ್ತಿದ್ದೇನೆ. ಮೂರು ರೋಲ್ ಮುಗಿದಿವೆ. ಬೆಟ್ಟ, ಗೋಪುರ, ಬೀದಿ ಎಲ್ಲವೂ ಸ್ಪಷ್ಟವಾಗಿವೆ. ಆದರೆ ಜಗಲಿಯ ಮೇಲೆ ಕುಳಿತ ಅಜ್ಜಿಯನ್ನು ಒಂದು ಮೀಟರ್ ದೂರದಿಂದ ಎಫ್/2ರಲ್ಲಿ (ಲೆನ್ಸಿನ ಬಾಯಿ ಪೂರ್ತಿ ತೆರೆದು) ತೆಗೆದಾಗ, ವ್ಯೂಫೈಂಡರಿನ ನಡುವಿನ ಚೌಕದಲ್ಲಿ ಕಣ್ಣಿನ ಎರಡು ಬಿಂಬಗಳು ಒಂದಾಗಿದ್ದರೂ, ಚಿತ್ರದಲ್ಲಿ ಓಲೆ ಸ್ಪಷ್ಟವಾಗಿಯೂ ಕಣ್ಣು ಮಸುಕಾಗಿಯೂ ಬರುತ್ತಿದೆ. ಲೆನ್ಸಿನ ಚಲನೆಯನ್ನು ಗ್ರಹಿಸುವ, ಕ್ಯಾಮೆರಾದೊಳಗಿನ ರೋಲರಿನ ತಿರುಪನ್ನು ತಿರುಗಿಸಿದರೆ ಇದು ಸರಿಹೋಗುವುದೇ?

ಮೊದಲ ಉತ್ತರ:

ದಯವಿಟ್ಟು ಆ ತಿರುಪನ್ನು ಮುಟ್ಟಬೇಡಿ. ದೂರದ ಗೋಪುರದ ಬಿಂಬಗಳು ಚೌಕದಲ್ಲಿ ಕೂಡುತ್ತವೆ ಮತ್ತು ಚಿತ್ರವೂ ಸ್ಪಷ್ಟವಾಗಿ ಬರುತ್ತದೆ ಎಂದ ಮೇಲೆ, ಕ್ಯಾಮೆರಾವನ್ನು ಅನುಮಾನಿಸಲು ಸದ್ಯಕ್ಕೆ ಕಾರಣವಿಲ್ಲ. ಅದನ್ನು ಕದಲಿಸಿದರೆ ಸರಿಯಿರುವುದೂ ಕೆಡುತ್ತದೆ. 1954ರಲ್ಲಿ ಬಂದ ಎಂ3ಯ ವ್ಯೂಫೈಂಡರ್ ವರ್ಧನೆ 0.91 ಇರುವುದರಿಂದ ಅದರ ಪರಿಣಾಮಕಾರಿ ತಳದೂರ (ಬಿಂಬಗಳನ್ನು ಕೊಡುವ ಎರಡು ಕಿಟಕಿಗಳ ಅಂತರವನ್ನು ವರ್ಧನೆಯಿಂದ ಗುಣಿಸಿದ್ದು; ಹೆಚ್ಚಿದ್ದಷ್ಟೂ ಫೋಕಸ್ ನಿಖರ) ಸುಮಾರು 62 ಮಿ.ಮೀ. ಆಗುತ್ತದೆ. ಲೈಕಾದ ನಂತರದ ಮಾದರಿಯಾದ 0.72 ವರ್ಧನೆಯ ಎಂ6ನಲ್ಲಿ ಇದು ಸುಮಾರು 50 ಮಿ.ಮೀ. ಮಾತ್ರ. ಅಂದರೆ ನಿಮ್ಮ ಕ್ಯಾಮೆರಾದ ನಿಖರತೆಗೆ ಕೊರತೆಯಿಲ್ಲ.

ತೊಡಕಿರುವುದು ಲೆನ್ಸಿನ ವಂಶದಲ್ಲಿ. ಜುಪಿಟರ್-8 ಹುಟ್ಟಿದ್ದು ಕಾಂಟ್ಯಾಕ್ಸ್ ಕ್ಯಾಮೆರಾಗಳಿಗಾಗಿ ಜರ್ಮನಿಯ ಝೈಸ್ ಕಂಪನಿ ರೂಪಿಸಿದ ಸೊನ್ನಾರ್ ವಿನ್ಯಾಸದಿಂದ. ಅಲ್ಲಿ ‘50’ ಎಂದು ಬರೆದಿದ್ದರೂ ನಿಜವಾದ ಸಂಗಮದೂರ (ಫೋಕಲ್ ಲೆಂತ್) 52.4 ಮಿ.ಮೀ.; ಲೈಕಾದ ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಕೂಡಿಸಿ ದೂರ ಅಳೆಯುವ ಭಾಗ) ಲೆಕ್ಕ ಹಾಕುವುದು 51.6 ಮಿ.ಮೀ. ಎಂದು. ಅನಂತದಲ್ಲಿ, ಅಂದರೆ ಬಹುದೂರದ ವಸ್ತುವಿಗೆ, ಈ ವ್ಯತ್ಯಾಸ ಕಾಣುವುದಿಲ್ಲ. ಒಂದು ಮೀಟರಿಗೆ ಬಂದಾಗ ಲೆನ್ಸ್ ಸುಮಾರು 2.9 ಮಿ.ಮೀ. ಮುಂದೆ ಬರಬೇಕಾದಲ್ಲಿ, ರೇಂಜ್‌ಫೈಂಡರ್ 2.8 ಮಿ.ಮೀ.ಗೇ ‘ಸಾಕು’ ಎನ್ನುತ್ತದೆ. ಫಲವಾಗಿ ಫೋಕಸ್ ಸುಮಾರು 3 ಸೆಂ.ಮೀ. ಹಿಂದೆ ಬೀಳುತ್ತದೆ. ಎಫ್/2ರಲ್ಲಿ ಆ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಮುಂದೆ ಹಿಂದೆ ಸೇರಿ ನಾಲ್ಕೂವರೆ ಸೆಂ.ಮೀ. ಮಾತ್ರ, ಓಲೆಗೆ ಸಂದ ಭಾಗ್ಯ ಕಣ್ಣಿಗೆ ಸಲ್ಲದಿರಲು ಇಷ್ಟು ಸಾಕು.

ಎರಡನೆಯ ಉತ್ತರ:

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಎಲ್ಲ ತಪ್ಪನ್ನೂ ಲೆನ್ಸಿನ ಮೇಲೆ ಹೊರಿಸುವ ಮೊದಲು ತಮ್ಮ ಅಭ್ಯಾಸವನ್ನೊಮ್ಮೆ ನೋಡಿಕೊಳ್ಳಿ. ಚೌಕ ಇರುವುದು ನಡುವಿನಲ್ಲಿ. ಕಣ್ಣಿಗೆ ಫೋಕಸ್ ಮಾಡಿ, ನಂತರ ಕ್ಯಾಮೆರಾವನ್ನು ಓರೆಯಾಗಿ ತಿರುಗಿಸಿ ಚಿತ್ರವನ್ನು ಜೋಡಿಸುತ್ತಿದ್ದೀರಾ? ಒಂದು ಮೀಟರಿನಲ್ಲಿ 15 ಡಿಗ್ರಿ ತಿರುಗಿಸಿದರೆ ಫೋಕಸ್ ತಲ (ಸ್ಪಷ್ಟವಾಗಿ ಮೂಡುವ ಸಮತಲ) ಕಣ್ಣಿಗಿಂತ 3.4 ಸೆಂ.ಮೀ. ಹಿಂದೆ ಹೋಗುತ್ತದೆ. ಎರಡು ದೋಷಗಳೂ ಒಂದೇ ದಿಕ್ಕಿನವಾದ್ದರಿಂದ ಕೂಡಿಕೊಳ್ಳುತ್ತವೆ.

ರೇಂಜ್‌ಫೈಂಡರಿನಲ್ಲಿ ಬಿಂಬ ಸರಿಯುವುದು ಅಡ್ಡಡ್ಡವಾಗಿ, ಆದ್ದರಿಂದ ನೆಟ್ಟನೆಯ ಅಂಚು ಬೇಕು. ಅಜ್ಜಿ ಕನ್ನಡಕ ಹಾಕುವವರಾದರೆ ಅದರ ಚೌಕಟ್ಟಿನ ಅಂಚು ಬಹಳ ಅನುಕೂಲ. ಹಿಂದಿನ ಕಿಟಕಿಯ ಸರಳುಗಳನ್ನು ಮಾತ್ರ ನಂಬಬೇಡಿ, ಒಂದು ಸರಳು ಪಕ್ಕದ ಸರಳಿನ ಮೇಲೆ ಕುಳಿತು ಮೋಸ ಮಾಡುತ್ತದೆ.

ಮೊದಲ ಉತ್ತರದವರಿಂದ:

ಓರೆ ತಿರುಗಿಸುವ ವಿಷಯ ನನಗೆ ಹೊಳೆದಿರಲಿಲ್ಲ. ಎರಡನ್ನೂ ಬೇರ್ಪಡಿಸಲು ರೋಲ್ ವ್ಯರ್ಥ ಮಾಡಬೇಕಿಲ್ಲ. ಫಿಲ್ಮ್ ಇಲ್ಲದಿರುವಾಗ ಹಿಂಬದಿಯ ಬಾಗಿಲನ್ನು ತೆರೆದು, ಉಜ್ಜಿದ ಗಾಜಿನ ತುಂಡನ್ನು ಒರಟು ಮುಖ ಲೆನ್ಸಿನ ಕಡೆಗಿರುವಂತೆ ಫಿಲ್ಮಿನ ಹಳಿಗಳ ಮೇಲೆ ಕೂರಿಸಿ, ಬೀಗವಿರುವ ಕೇಬಲ್ ರಿಲೀಸಿನಿಂದ ಶಟರನ್ನು ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಿತಿ) ತೆರೆದಿಡಿ. ಟ್ರೈಪಾಡ್ ಬೇಕೇ ಬೇಕು. ಓರೆಯಾಗಿಟ್ಟ ಅಳತೆಪಟ್ಟಿಯ ನಡುಗೆರೆಗೆ ಚೌಕದಲ್ಲಿ ಫೋಕಸ್ ಮಾಡಿ, ಗಾಜಿನ ಮೇಲೆ ಯಾವ ಗೆರೆ ಸ್ಪಷ್ಟವಾಗಿದೆಯೆಂದು ಭೂತಕನ್ನಡಿಯಲ್ಲಿ ನೋಡಿ.

ಪ್ರಶ್ನೆ ಕೇಳಿದವರಿಂದ:

ಭಾನುವಾರ ಪರೀಕ್ಷಿಸಿದೆ. ಕ್ಯಾಮೆರಾ ಅಲುಗದಿದ್ದರೂ ಫೋಕಸ್ ಸುಮಾರು ಮೂರು ಸೆಂ.ಮೀ. ಹಿಂದಿದೆ; ಓರೆ ತಿರುಗಿಸುವ ಅಭ್ಯಾಸವೂ ನನಗಿದ್ದುದನ್ನು ಒಪ್ಪಿಕೊಳ್ಳುತ್ತೇನೆ. ಲೆನ್ಸಿನೊಳಗೆ ತೆಳು ಉಂಗುರ ಸೇರಿಸಿ ಇದನ್ನು ಸರಿಪಡಿಸುತ್ತಾರೆಂದು ಓದಿದೆ. ಮಾಡಿಸಬಹುದೇ?

ಮೊದಲ ಉತ್ತರದವರಿಂದ:

ಮಾಡಿಸಬಹುದು, ಆದರೆ ಬೆಲೆ ತೆರಬೇಕಾಗುತ್ತದೆ. ಒಂದು ಮೀಟರಿಗೆ ಸರಿಹೋಗುವಂತೆ ಗಾಜಿನ ಭಾಗವನ್ನು 0.09 ಮಿ.ಮೀ. ಮುಂದಕ್ಕೆ ತಂದರೆ, ಅನಂತಕ್ಕೆ ಇಟ್ಟಾಗ ಲೆನ್ಸ್ ಫೋಕಸ್ ಮಾಡುವುದು ಸುಮಾರು 30 ಮೀಟರಿಗೆ. ಎಫ್/4ಕ್ಕೆ ಇಳಿಸಿದರೆ ದೂರದ್ದು ಸುಧಾರಿಸುತ್ತದೆ, ಎಫ್/2ರಲ್ಲಿ ಬೆಟ್ಟ ತುಸು ಮೃದುವಾಗುತ್ತದೆ. ನಿಮ್ಮ ರೋಲುಗಳಲ್ಲಿ ಹೆಚ್ಚಿನವು ದೂರದ ನೋಟಗಳಾಗಿದ್ದರೆ ಲೆನ್ಸನ್ನು ಹಾಗೆಯೇ ಬಿಡುವುದು ಲೇಸು. ಫೋಕಸ್ ಉಂಗುರ ಒಂದು ಮೀಟರಿಗೇ ನಿಲ್ಲುವುದರಿಂದ ಅಲ್ಲಿ ಅದನ್ನು ಇನ್ನೂ ಹತ್ತಿರಕ್ಕೆ ತಿರುಗಿಸಲಾಗದು. ಬಿಂಬಗಳು ಕೂಡಿದ ಬಳಿಕ ಉಂಗುರವನ್ನು ಮುಟ್ಟದೆ, ಎರಡು ಬೆರಳಗಲದಷ್ಟು ಹಿಂದಕ್ಕೆ ವಾಲಿ ಕ್ಲಿಕ್ಕಿಸಿ.

ಪ್ರಶ್ನೆ ಕೇಳಿದವರಿಂದ:

ಹಾಗಾದರೆ ಆ ತೆಳು ಉಂಗುರ ಬೇಡ, ವಾಲಿಯೇ ತೆಗೆಯುತ್ತೇನೆ. ಇನ್ನು ಅಜ್ಜಿಯನ್ನು ಕನ್ನಡಕ ಹಾಕಿಕೊಂಡು ಕೂರಲು ಒಪ್ಪಿಸುವುದೊಂದೇ ಬಾಕಿ.