ಕರೆಂಟು ಬಂದೊಡನೆ 429: ಮನೆಲೆಕ್ಕದ ಆ್ಯಪ್‌ನಲ್ಲಿ ಬ್ಯಾಂಕ್ ಎಪಿಐ ಮಿತಿಯ ತೊಂದರೆ

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ. ತೋಟದ ಕೂಲಿ, ಗೊಬ್ಬರ, ಮನೆಖರ್ಚುಗಳ ಲೆಕ್ಕಕ್ಕೆ ಒಂದು ಬಜೆಟ್ ಆ್ಯಪ್ ಬರೆದು, ಮನೆಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಸುತ್ತಿದ್ದೇನೆ. ಮನೆಯವರ ನಾಲ್ಕು ಖಾತೆಗಳ ವಿವರವನ್ನು, ಅವರ ಸಮ್ಮತಿ ಪಡೆದು, ಅಕೌಂಟ್ ಅಗ್ರಿಗೇಟರ್ (ಗ್ರಾಹಕರ ಸಮ್ಮತಿಯಂತೆ ಬ್ಯಾಂಕ್ ವಿವರ ತಲುಪಿಸುವ) ವ್ಯವಸ್ಥೆಯಡಿ ನಿಯಂತ್ರಿತ ಸಂಸ್ಥೆಯೊಂದರ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ವಿವರ ಕೇಳುವ ದಾರಿ) ಮೂಲಕ ಗಂಟೆಗೊಮ್ಮೆ ತರಿಸುತ್ತೇನೆ. ಬೇಸಿಗೆಯಿಡೀ ತೊಂದರೆಯಿರಲಿಲ್ಲ. ಪುನರ್ವಸು ಮಳೆ ಹಿಡಿದು ಕರೆಂಟು ಹೋಗಿ ಬರತೊಡಗಿದ ಮೇಲೆ ದಿನವೂ 429, ಅಂದರೆ ವಿನಂತಿಗಳು ಮಿತಿ ಮೀರಿವೆ ಎಂಬ ಉತ್ತರ, ಬರುತ್ತಿದೆ. ಮಿತಿಯಿರುವುದು ನಿಮಿಷಕ್ಕೆ 10 ವಿನಂತಿ. ಗಂಟೆಗೆ ನಾಲ್ಕನ್ನಷ್ಟೇ ಕಳಿಸುವ ನಾನು ಅದನ್ನು ಮೀರುವುದಾದರೂ ಹೇಗೆ? ಹೆಚ್ಚು ಮಿತಿಯ ಯೋಜನೆಗೆ ಹಣ ಕಟ್ಟಬೇಕೇ?

ಉತ್ತರ (ಸಾಗರದಿಂದ)

ಈಗಲೇ ಕಟ್ಟಬೇಡಿ. ಕರೆಂಟು ಬಂದ ಹೊತ್ತಿನ ಲಾಗ್ (ಆ್ಯಪ್‌ನ ಕೆಲಸದ ದಾಖಲೆ) ನೋಡಿ ತಿಳಿಸಿ.

ಪ್ರಶ್ನಿಸಿದವರು

ರಾತ್ರಿ ಎಂಟು ಗಂಟೆ ಕಾಲ ಕರೆಂಟಿರಲಿಲ್ಲ. ಬೆಳಿಗ್ಗೆ 6:42ಕ್ಕೆ ಬಂದ ಮೇಲೆ ಒಮ್ಮೆಲೇ 32 ವಿನಂತಿಗಳು ಹೋಗಿವೆ. ಮೊದಲ ಹತ್ತಕ್ಕೆ 200 (ಸರಿಯಾಗಿದೆ ಎಂಬ ಉತ್ತರ), ಉಳಿದೆಲ್ಲಕ್ಕೂ 429. ಅದರೊಂದಿಗೆ ಬಂದ ರಿಟ್ರೈ-ಆಫ್ಟರ್ ಹೆಡರ್‌ನಲ್ಲಿ (ಎಷ್ಟು ಹೊತ್ತು ಬಿಟ್ಟು ಮತ್ತೆ ಕೇಳಬೇಕೆಂಬ ಸೂಚನೆಯಲ್ಲಿ) 60 ಎಂದಿದೆ. ನನ್ನ ಕೋಡ್ ಮಾತ್ರ ಎರಡು ಸೆಕೆಂಡಿಗೊಮ್ಮೆ ಐದು ಸಲ ಮತ್ತೆ ಕೇಳಿದೆ.

ಉತ್ತರ (ಸಾಗರದಿಂದ)

ಹಾಗಾದರೆ ಕಾರಣ ಅಲ್ಲೇ ಇದೆ. ತಪ್ಪಿಹೋದ ಪ್ರತಿ ಗಂಟೆಗೂ ಪ್ರತಿ ಖಾತೆಗೂ ಒಂದೊಂದು ವಿನಂತಿಯನ್ನು ನಿಮ್ಮ ಕೋಡ್ ಕೂಡಿಟ್ಟು, ನೆಟ್ ಬಂದೊಡನೆ ಎಲ್ಲವನ್ನೂ ಒಟ್ಟಿಗೆ ಬಿಡುತ್ತಿದೆ. ಎಂಟು ಗಂಟೆಯ ವಿವರಕ್ಕೆ ಎಂಟು ಸಲ ಕೇಳಬೇಕಿಲ್ಲ. ಯಾವಾಗಿನಿಂದ ಯಾವಾಗಿನವರೆಗೆ ಎಂಬ ಅವಧಿಯನ್ನು ವಿನಂತಿಯಲ್ಲೇ ಕೊಡಬಹುದಾದ್ದರಿಂದ ಖಾತೆಗೊಂದರಂತೆ ನಾಲ್ಕೇ ಸಾಕು. ಅವಧಿಯನ್ನು ಒಂದೆರಡು ದಿನ ಹಿಂದಿನಿಂದ ಆರಂಭಿಸಿ, ವಹಿವಾಟಿನ ಗುರುತುಸಂಖ್ಯೆ ನೋಡಿ ಪುನರಾವರ್ತನೆಗಳನ್ನು ಕೈಬಿಟ್ಟರೆ, ತಡವಾಗಿ ದಾಖಲಾದವೂ ತಪ್ಪುವುದಿಲ್ಲ.

ರಿಟ್ರೈ-ಆಫ್ಟರ್ 60 ಎಂದರೆ ಅಷ್ಟು ಸೆಕೆಂಡು ಸುಮ್ಮನಿರಬೇಕೆಂದೇ ಅರ್ಥ. ಕೆಲವು ಸೇವೆಗಳು ತಿರಸ್ಕರಿಸಿದ ವಿನಂತಿಯನ್ನೂ ಎಣಿಕೆಗೆ ಸೇರಿಸುವುದರಿಂದ, ಎರಡೆರಡು ಸೆಕೆಂಡಿಗೆ ಬಾಗಿಲು ಬಡಿದಷ್ಟೂ ಬಾಗಿಲು ತೆರೆಯುವುದು ತಡವಾಗುತ್ತದೆ. ಆ ಹೆಡರ್ ಇಲ್ಲದಿದ್ದಾಗ ಮಾತ್ರ 2, 4, 8 ಸೆಕೆಂಡು ಎಂದು ದ್ವಿಗುಣಗೊಳಿಸುತ್ತ, ಪ್ರತಿ ಸಲವೂ ಸ್ವಲ್ಪ ಯಾದೃಚ್ಛಿಕ ಅಂತರವನ್ನು ಕೂಡಿಸಿ. ನಾಲ್ಕೂ ಖಾತೆಗಳು ಒಂದೇ ಸರದಿಯಲ್ಲಿ ನಿಲ್ಲಲಿ. ಮತ್ತೆ ಕೇಳಬಹುದಾದ ವೇಳೆಯನ್ನು ಮೆಮೊರಿಯಲ್ಲಲ್ಲದೆ ಡೇಟಾಬೇಸಿನಲ್ಲಿಡಿ, ಇಲ್ಲವಾದರೆ ಮುಂದಿನ ಬಾರಿ ಕರೆಂಟು ಹೋದಾಗ ಅದೂ ಅಳಿಸಿಹೋಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಬೂಟ್ ಆದಾಗ ಹಳೆಯ ವೇಳೆಯೇ ಇದ್ದು, ನೆಟ್ ಬಂದ ಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಸಮಯ ಹೊಂದಿಕೊಂಡ ಮೇಲೆಯೇ ನಿಮ್ಮ ಸೇವೆ ಆರಂಭವಾಗುವಂತೆ ಮಾಡಿ. ಅಂದಹಾಗೆ, ಮನೆಲೆಕ್ಕಕ್ಕೆ ಗಂಟೆಗೊಮ್ಮೆ ಏಕೆ ಎಂಬುದು ನನಗೆ ಅರ್ಥವಾಗಲಿಲ್ಲ. ಅಡಿಕೆ ಮಂಡಿಯ ಹಣವೇನೂ ಗಂಟೆಗೊಮ್ಮೆ ಬರುವುದಿಲ್ಲವಲ್ಲ!

ಪ್ರಶ್ನಿಸಿದವರು

ತಾವು ಹೇಳಿದಂತೆ ತಿದ್ದಿದ್ದೇನೆ. ನಿನ್ನೆ ಮೂರು ಸಲ ಕರೆಂಟು ಹೋಗಿ ಬಂದರೂ ಪ್ರತಿ ಸಲ ನಾಲ್ಕೇ ವಿನಂತಿಗಳು ಹೋದವು, 429 ಒಂದೂ ಬರಲಿಲ್ಲ. ದಿನಕ್ಕೆರಡು ಸಲ ತರಿಸಿದರೆ ಸಾಕೆಂದು ಮನೆಯವರೂ ಒಪ್ಪಿದ್ದಾರೆ.

ಉತ್ತರ (ಸಾಗರದಿಂದ)

ಸಂತೋಷ. ಸಮ್ಮತಿಪತ್ರದಲ್ಲಿಯೂ ಎಷ್ಟು ಅವಧಿಗೆ ಎಷ್ಟು ಸಲ ವಿವರ ಪಡೆಯಬಹುದೆಂದು ನಮೂದಾಗಿರುತ್ತದೆ. ಅದು ಎಪಿಐ ಮಿತಿಗಿಂತ ಬೇರೆಯದು, ಹಣ ಕಟ್ಟಿದರೂ ಹೆಚ್ಚುವುದಿಲ್ಲ. ಮುಂದೆ ಸಮ್ಮತಿ ನವೀಕರಿಸುವಾಗ ಅಲ್ಲಿಯೂ ದಿನಕ್ಕೆ ಎರಡೆಂದೇ ಕೇಳಿಕೊಳ್ಳಿ.