ಹವ್ಯಾಸದ ಹೊಲಿಗೆಯಿಂದ ಸಣ್ಣ ಉಡುಪು ಉದ್ಯಮಕ್ಕೆ: ಅನುಭವ ಹಂಚಿಕೆ

ಪ್ರಶ್ನೆ: ಆರು ವರ್ಷಗಳಿಂದ ಬಂಧುಗಳಿಗೂ ಸ್ನೇಹಿತರಿಗೂ ಮಕ್ಕಳ ಫ್ರಾಕು, ಹತ್ತಿಯ ಅಂಗಿಗಳನ್ನು ಹೊಲಿದುಕೊಡುತ್ತಿದ್ದೇನೆ. ಈಗ ಅದನ್ನೇ ಸಣ್ಣ ಉದ್ಯಮವಾಗಿ ಬೆಳೆಸುವ ಆಸೆಯಿದೆ. ಯಾವ ಯಂತ್ರ ಕೊಳ್ಳಬೇಕು, ಬೆಲೆಯನ್ನು ಹೇಗೆ ಕಟ್ಟಬೇಕು, ಈಗಿರುವ ಕೆಲಸವನ್ನು ಯಾವಾಗ ಬಿಡಬಹುದು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಒಂಬತ್ತು ವರ್ಷಗಳಿಂದ ಸಿದ್ಧ ಉಡುಪು ಹೊಲಿದು ಮಾರುತ್ತಿದ್ದೇನೆ. ಯಂತ್ರಕ್ಕಿಂತ ಮೊದಲು ಬೆಲೆಯ ಮಾತನ್ನೇ ಆಡುತ್ತೇನೆ, ಏಕೆಂದರೆ ನನ್ನ ಮೊದಲ ಎರಡು ವರ್ಷಗಳ ದುಡಿಮೆ ಸೋರಿಹೋದದ್ದು ಅಲ್ಲಿಯೇ. ಬಟ್ಟೆಯ ಖರ್ಚಿಗೆ ಒಂದು ಗಂಟೆ ಚಿಲ್ಲರೆಯ ಹೊಲಿಗೆ ಕೂಲಿ ಸೇರಿಸಿ ಬೆಲೆ ಹೇಳುತ್ತಿದ್ದೆ. ಒಂದು ದಿನ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು, ಕಾಲರ್ ಇರುವ ಒಂದು ಅಂಗಿಗೆ ಹಿಡಿಯುವ ಸಮಯವನ್ನು ಹಂತಹಂತವಾಗಿ ಬರೆದುಕೊಂಡೆ. ಯಂತ್ರದ ಮುಂದೆ ಕುಳಿತದ್ದು 75 ನಿಮಿಷ. ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿಸಲು 30. ಕಾಲರಿಗೆ ಕ್ಯಾನ್ವಾಸ್ ಅಂಟಿಸಿ ನಡುನಡುವೆ ಇಸ್ತ್ರಿ ಹಾಕಲು 25. ಕಾಜಾ, ಗುಂಡಿಗಳಿಗೆ 20. ದಾರದ ತುದಿಗಳನ್ನು ಕತ್ತರಿಸಿ, ಪರೀಕ್ಷಿಸಿ, ಮಡಚಿಡಲು 15. ಒಟ್ಟು 165 ನಿಮಿಷಗಳ ಕೆಲಸದಲ್ಲಿ ಅರ್ಧಕ್ಕೂ ಕಡಿಮೆ ಸಮಯಕ್ಕೆ ಮಾತ್ರ ನಾನು ಕೂಲಿ ಪಡೆಯುತ್ತಿದ್ದೆ.

ಆದ್ದರಿಂದ ನೀವು ಮಾರಬೇಕೆಂದಿರುವ ಪ್ರತಿಯೊಂದು ಮಾದರಿಯನ್ನೂ ಹೀಗೆ ಅಳೆಯಿರಿ. ಬಟ್ಟೆ, ದಾರ, ಗುಂಡಿ, ಲೇಬಲ್, ಪ್ಯಾಕಿಂಗ್, ಕತ್ತರಿಸುವಾಗ ವ್ಯರ್ಥವಾಗುವ ಚೂರು, ವಿದ್ಯುತ್ತು, ಯಂತ್ರದ ಸವೆತ ಇವುಗಳಿಗೆ ಪೂರ್ತಿ ಸಮಯದ ಕೂಲಿಯನ್ನು ಸೇರಿಸಿ, ಲಾಭವನ್ನು ಅದರ ಮೇಲೆ ಬೇರೆಯಾಗಿಯೇ ಇಡಿ. ನಾಳೆ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಕೂಲಿ ಅವರ ಕೈ ಸೇರುತ್ತದೆ. ಲಾಭವೆಂದು ಮೊದಲೇ ಎತ್ತಿಟ್ಟಿರದಿದ್ದರೆ ಉದ್ಯಮಕ್ಕೆ ಏನೂ ಉಳಿಯುವುದಿಲ್ಲ. ಅಂಗಡಿಗಳ ಮೂಲಕ ಮಾರುವ ಯೋಚನೆ ಇದ್ದರೆ ಅವರ ಪಾಲಿಗೂ ಆರಂಭದ ಬೆಲೆಯಲ್ಲೇ ಜಾಗ ಮಾಡಿ, ಏಕೆಂದರೆ ಒಮ್ಮೆ ಕಡಿಮೆ ಹೇಳಿದ ಬೆಲೆಯನ್ನು ಆಮೇಲೆ ಏರಿಸುವುದು ಬಹಳ ಕಷ್ಟ.

ಉತ್ತರ 2

ಬಟ್ಟೆಯ ಬಗ್ಗೆ ಯಾರೂ ನನಗೆ ಮೊದಲೇ ಹೇಳದಿದ್ದ ಮಾತನ್ನು ನಿಮಗೆ ಹೇಳುತ್ತೇನೆ. ನನ್ನ ಮೊದಲ ದೊಡ್ಡ ಆರ್ಡರು 14 ಫ್ರಾಕುಗಳದ್ದು. ಮೇಲ್ಬಟ್ಟೆ ಅಪ್ಪಟ ಹತ್ತಿ, ಒಳಗಿನ ಲೈನಿಂಗ್ ಪಾಲಿಯೆಸ್ಟರ್ ಬೆರೆತದ್ದು. ಕೊಡುವಾಗ ಎಲ್ಲವೂ ಅಚ್ಚುಕಟ್ಟಾಗಿದ್ದವು. ಒಂದು ಒಗೆತ ಕಳೆಯುವುದರೊಳಗೆ ಹತ್ತಿ ಕುಗ್ಗಿ, ಕುಗ್ಗದ ಲೈನಿಂಗ್ ಕೆಳಗಿನ ಅಂಚಿನಿಂದ ಬೆರಳಗಲ ಇಣುಕತೊಡಗಿತು. ಹದಿನಾಲ್ಕನ್ನೂ ವಾಪಸು ಪಡೆದು, ಲೈನಿಂಗಿನ ಅಂಚನ್ನು ಬಿಚ್ಚಿ ಮತ್ತೆ ಮಡಿಸಿ ಹೊಲಿದುಕೊಟ್ಟೆ. ಮೊದಲೇ ಒಗೆಯದ ಹತ್ತಿ ಬಟ್ಟೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಅಪರೂಪವಲ್ಲ, ಅದೂ ಸಾಮಾನ್ಯವಾಗಿ ಹಾಸಿನ ಕಡೆಗೆ, ಅಂದರೆ ಉದ್ದಕ್ಕೆ ಹೆಚ್ಚು. ಈಗ ಹೊಸ ಬಟ್ಟೆ ಬಂದ ಕೂಡಲೇ ಅದರ ಮೇಲೆ 50 ಸೆಂಟಿಮೀಟರಿನ ಒಂದು ಚೌಕವನ್ನು ಅಳಿಸದ ಶಾಯಿಯಲ್ಲಿ ಗುರುತಿಸಿ, ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಪುನಃ ಅಳೆಯದೆ ಕತ್ತರಿ ಹಿಡಿಯುವುದಿಲ್ಲ. ಬಣ್ಣ ಬಿಡುತ್ತದೆಯೇ ಎಂಬುದೂ ಅದರಲ್ಲಿಯೇ ತಿಳಿಯುತ್ತದೆ.

ಉತ್ತರ 3

ಯಂತ್ರದ ಪ್ರಶ್ನೆಗೆ ಚಿಕ್ಕ ಉತ್ತರ: ಈಗಿರುವ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಮೊದಲು ಓವರ್‌ಲಾಕ್, ಅಂದರೆ ಕತ್ತರಿಸಿದ ಅಂಚಿನ ಎಳೆ ಬಿಚ್ಚದಂತೆ ದಾರ ಸುತ್ತಿ ಹೊಲಿಯುವ ಯಂತ್ರ ಕೊಳ್ಳಿ. ಕೊಳ್ಳುವವರು ಉಡುಪನ್ನು ಒಳಮಗ್ಗುಲಿಗೆ ತಿರುಗಿಸಿ ನೋಡುತ್ತಾರೆ, ಅಲ್ಲಿ ಎಳೆ ಬಿಚ್ಚಿಕೊಂಡಿದ್ದರೆ ಮೇಲಿನ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಕೆಳಗಿಡುತ್ತಾರೆ. ಕಾರ್ಖಾನೆಯ ನೇರ ಹೊಲಿಗೆ ಯಂತ್ರ ನಿಮಿಷಕ್ಕೆ 4,000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು, ಆದರೆ ಅಂಥವುಗಳಲ್ಲಿ ಹೆಚ್ಚಿನವು ನೇರ ಹೊಲಿಗೆಯ ಹೊರತು ಬೇರೇನನ್ನೂ ಹಾಕುವುದಿಲ್ಲ. ದಿನವಿಡೀ ಹೊಲಿಯುವಷ್ಟು ಆರ್ಡರು ಬಂದಾಗ ಅದನ್ನು ತರಬಹುದು. ಸೂಜಿಯಲ್ಲಿ ಮಾತ್ರ ಜಿಪುಣತನ ಬೇಡ. ತೆಳು ಬಟ್ಟೆಗೆ 75ನೇ ನಂಬರಿನ ಸೂಜಿ, ಮಧ್ಯಮ ಹತ್ತಿಗೆ 90ನೇ ನಂಬರಿನದು ಇರಲಿ, ಹೊಸೈರಿಗೆ, ಅಂದರೆ ಬನಿಯನ್ನಿನಂಥ ಹಿಗ್ಗುವ ಹೆಣೆದ ಬಟ್ಟೆಗೆ, ತುದಿ ದುಂಡಗಿರುವ ಸೂಜಿಯೇ ಬೇಕು.

ಉತ್ತರ 4

ನಾನು ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಬಳಸುವ ಅಳತೆಯ ನಮೂನೆ, ತಯಾರಿಸುವ ಕೆಲಸ ಮಾಡುವವಳು. ಗೊತ್ತಿರುವ ಮಗುವಿನ ಮೈಗೆ ಹೊಲಿಯುವುದಕ್ಕೂ ಕಾಣದ ಮಗುವಿಗೆ ಸೈಜಿನ ಮೇಲೆ ಹೊಲಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎದೆಯ ಸುತ್ತಳತೆ 4 ಸೆಂಟಿಮೀಟರ್ ಹೆಚ್ಚುವ ಸೈಜಿನಲ್ಲಿ ಮುಂಭಾಗ, ಹಿಂಭಾಗಗಳ ಒಂದೊಂದು ಅರ್ಧಕ್ಕೂ 1 ಸೆಂಟಿಮೀಟರ್ ಸೇರುತ್ತದೆ. ಕತ್ತಿನ ಅಗಲವನ್ನೂ ಅಷ್ಟೇ ಹಿಗ್ಗಿಸಿದರೆ ಭುಜ ಜಾರುತ್ತದೆ. ಸೈಜುವಾರು ಕಾಗದದ ಪ್ಯಾಟರ್ನುಗಳನ್ನು 1863ರಲ್ಲಿ ಮಾರಾಟಕ್ಕೆ ತಂದ ಅಮೆರಿಕದ ಎಬನೇಜರ್ ಬಟರಿಕ್ ಸ್ವತಃ ದರ್ಜಿ. ಈ ಲೆಕ್ಕದ ಅಗತ್ಯ ಹೊಲಿಯುವವರಿಗೇ ಮೊದಲು ತಟ್ಟಿತ್ತೆಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ನೀವು ಎರಡೇ ಮಾದರಿಗಳನ್ನು ಮೂರು ಸೈಜುಗಳಲ್ಲಿ ಆರಂಭಿಸಿ, ಪ್ಯಾಟರ್ನನ್ನು ದಪ್ಪ ರಟ್ಟಿನ ಮೇಲೆ ಕತ್ತರಿಸಿಟ್ಟುಕೊಳ್ಳಿ. ತೆಳು ಕಾಗದದ ಅಂಚು ಹತ್ತು ಸಲ ಬರೆಯುವಷ್ಟರಲ್ಲಿ ಸವೆದು ಅಳತೆ ತಪ್ಪುತ್ತದೆ.

ಕೇಳಿದವರಿಂದ: ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಬಿಡುವ ವಿಷಯ ಮಾತ್ರ ಉಳಿಯಿತು.

ಉತ್ತರ 1ನ್ನು ಬರೆದವರಿಂದ: ನಾನು ಬಿಟ್ಟದ್ದು ಮೂರನೆಯ ವರ್ಷದ ಕೊನೆಯಲ್ಲಿ. ಅಷ್ಟರಲ್ಲಿ, ಪರಿಚಯವೇ ಇಲ್ಲದವರು ಪೂರ್ತಿ ಬೆಲೆ ಕೊಟ್ಟು ಕೊಂಡು, ಮತ್ತೆ ಎರಡನೆಯ ಸಲ ಬರತೊಡಗಿದ್ದರು; ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿತ್ತು. ಬಂಧುಗಳ ಆರ್ಡರುಗಳನ್ನು ನಾನು ಆ ಲೆಕ್ಕಕ್ಕೆ ಹಿಡಿದಿರಲಿಲ್ಲ, ನೀವೂ ಹಿಡಿಯಬೇಡಿ.