ಜ್ವಾಲಾಮುಖಿಯ ಬಿಸಿ ಬೂದಿಯ ಪ್ರವಾಹ: ಲ್ಯಾಬ್‌ನಲ್ಲಿ ಹರಿಸಿ ನೋಡಿದರೆ ಏನು ಗೊತ್ತಾಗುತ್ತದೆ?

ಪ್ರಶ್ನೆ: ಮೇಡಂ, ಜ್ವಾಲಾಮುಖಿಯಿಂದ ಬಿಸಿ ಅನಿಲ, ಬೂದಿ, ಕಲ್ಲು ಎಲ್ಲ ಸೇರಿ ಇಳಿಜಾರಿನಲ್ಲಿ ನುಗ್ಗಿ ಬರುತ್ತದಲ್ಲ, ಅದನ್ನು ಲ್ಯಾಬ್‌ನಲ್ಲಿ ಮಾಡಿ ನೋಡುತ್ತಾರಂತೆ. ಯಾಕೆ? ಸೀದಾ ಬೆಟ್ಟದಲ್ಲೇ ಅಳೆಯಬಹುದಲ್ವಾ?

ಉತ್ತರ: ಅಳೆಯುವುದು ತುಂಬಾ ಕಷ್ಟ. ವೇಗ ಗಂಟೆಗೆ 100 ಕಿ.ಮೀ. ದಾಟುತ್ತದೆ, ಶಾಖ ನೂರಾರು ಡಿಗ್ರಿ, ದಾರಿಯಲ್ಲಿಟ್ಟ ಉಪಕರಣ ಉಳಿಯುವುದೇ ಅಪರೂಪ. ಹೊರಗಿನಿಂದ ನೋಡಿದರೆ ಬರೀ ಬೂದಿಯ ಮೋಡ ಕಾಣುತ್ತದೆ, ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ. ಹತ್ತಿರ ಹೋಗುವುದಂತೂ ಬೇಡವೇ ಬೇಡ. 1991ರ ಜೂನ್ 3ರಂದು ಜಪಾನಿನ ಉಂಜೆನ್ ಜ್ವಾಲಾಮುಖಿಯಲ್ಲಿ ಇಂಥ ಪ್ರವಾಹಕ್ಕೆ ಸಿಕ್ಕಿ 43 ಜನ ಸತ್ತರು. ಅವರಲ್ಲಿ ಮೂವರು ಜ್ವಾಲಾಮುಖಿಗಳನ್ನೇ ಅಧ್ಯಯನ ಮಾಡುತ್ತಿದ್ದವರು. ನಮ್ಮ ಕೆಲಸದವರಿಗೆ ಆ ದಿನ ಮರೆಯುವಂಥದ್ದಲ್ಲ.

ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ಪೆಲೆ ಅನ್ನುವ ದೊಡ್ಡ ವ್ಯವಸ್ಥೆ ಇದೆ. ಟೌಪೊ ಜ್ವಾಲಾಮುಖಿ ಹಿಂದೆಂದೋ ಉಗುಳಿದ ನಿಜವಾದ ಬೂದಿಯನ್ನೇ ತಂದು, ಕಾಯಿಸಿ, ಎತ್ತರದ ತೊಟ್ಟಿಯಿಂದ ಇಳಿಜಾರು ಕಾಲುವೆಗೆ ಸುರಿಯುತ್ತಾರೆ. ಪಕ್ಕದಿಂದ ಹೈ ಸ್ಪೀಡ್ ಕ್ಯಾಮೆರಾ ಸೆರೆಹಿಡಿಯುತ್ತದೆ, ಸೆನ್ಸರ್‌ಗಳು ಒತ್ತಡ ಅಳೆಯುತ್ತವೆ.

ಪ್ರಶ್ನೆ: ಅದರಿಂದ ಹೊಸದೇನು ಸಿಕ್ಕಿತು?

ಉತ್ತರ: ಬೂದಿ, ಕಲ್ಲು ಅಂದರೆ ಒರಟು ವಸ್ತು, ನೆಲಕ್ಕೆ ಉಜ್ಜಿ ಉಜ್ಜಿ ಬೇಗ ನಿಲ್ಲಬೇಕಿತ್ತು. ಆದರೆ ಕೆಲವು ಪ್ರವಾಹಗಳು ಸಪಾಟಾದ ನೆಲದಲ್ಲೂ ಹತ್ತಾರು ಕಿ.ಮೀ. ಓಡುತ್ತವೆ. ಇದು ಬಹಳ ಕಾಲದ ಒಗಟು. 2019ರಲ್ಲಿ ಪೆಲೆ ತಂಡ ಕಂಡದ್ದು ಇದು: ಪ್ರವಾಹ ಓಡುವಾಗ ಅದರೊಳಗಿನ ಗಾಳಿ ತಾನಾಗಿ ತಳದ ಕಡೆ ತಳ್ಳಲ್ಪಟ್ಟು, ಅಲ್ಲಿ ತೆಳುವಾದ ಗಾಳಿಯ ಪದರ ಆಗುತ್ತದೆ. ಉಜ್ಜುವುದು ತುಂಬಾ ಕಡಿಮೆಯಾಗಿ ಪ್ರವಾಹ ಜಾರಿಕೊಂಡು ಹೋಗುತ್ತದೆ.

ಪ್ರಶ್ನೆ: ಇದಕ್ಕೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಾ? ಮೇಜಿನ ಮೇಲೆ ಸಣ್ಣದಾಗಿ ಮಾಡಿದರೆ ಸಾಲದಾ?

ಉತ್ತರ: ಕೆಲವಕ್ಕೆ ಸಾಕು. ಗಾಜಿನ ತೊಟ್ಟಿಯ ಸಿಹಿನೀರಿಗೆ ಬಣ್ಣ ಹಾಕಿದ ಉಪ್ಪುನೀರು ಬಿಟ್ಟರೆ, ಭಾರದ ಹರಿವು ಹೇಗೆ ತಳ ಹಿಡಿದು ಹೋಗುತ್ತದೆ, ಮೇಲೆ ಸುಳಿಗಳು ಹೇಗೆ ಏಳುತ್ತವೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಆದರೆ ಒಳಗೆ ಸಿಕ್ಕಿಬಿದ್ದ ಗಾಳಿಯ ವಿಷಯಕ್ಕೆ ಬಂದರೆ ಸಣ್ಣದು ದಾರಿ ತಪ್ಪಿಸುತ್ತದೆ. ಬೂದಿಯ ಹರಿವು ಎರಡು ಪಟ್ಟು ದಪ್ಪ ಆದರೆ ಗಾಳಿ ಸೋರಿಹೋಗಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. ಬೆರಳು ದಪ್ಪದ ಹರಿವಿನಲ್ಲಿ ಗಾಳಿ ಕ್ಷಣದಲ್ಲಿ ಹೋಗಿಬಿಡುತ್ತದೆ, ಬೆಟ್ಟದಲ್ಲಿ ಹಾಗಲ್ಲ.

ಇದು ಸುಮ್ನೆ ಕುತೂಹಲಕ್ಕೆ ಮಾಡುವ ಕೆಲಸ ಅಲ್ಲ. ಅಪಾಯದ ನಕ್ಷೆ ಮಾಡುವ ಕಂಪ್ಯೂಟರ್ ಲೆಕ್ಕಕ್ಕೆ ಒಣ ಮರಳಿನ ಘರ್ಷಣೆ ಕೊಟ್ಟರೆ, ಪ್ರವಾಹ ಬೇಗ ನಿಂತಹಾಗೆ ತೋರಿಸುತ್ತದೆ. ಆಗ ನಕ್ಷೆಯ ಅಪಾಯದ ಗೆರೆಯ ಆಚೆಗಿರುವ ಊರನ್ನು ಯಾರೂ ಖಾಲಿ ಮಾಡಿಸುವುದಿಲ್ಲ.